ಒಂಬತ್ತನೆಯ ತಟ್ಟೆ

ಹೋಬಾರ್ಟಿನ ಹಡಗುಕಟ್ಟೆಯ ಹಳೆಯ ಗೋದಾಮು,
ಒಳಗೆ ಹನ್ನೆರಡೇ ಮೇಜು.
ಮೊದಲ ತಟ್ಟೆ: ಕರಿಕಲ್ಲಿನ ಮೇಲೆ
ಒಂದು ಬಟಾಣಿ ಸಿಪ್ಪೆ, ಅದರೊಳಗೆ ಏನೋ ತಣ್ಣಗೆ.
ಬಡಿಸಿದ ಹುಡುಗ ಅದರ ಕುಲಗೋತ್ರ ಹೇಳಿ ಮುಗಿಸುವಷ್ಟರಲ್ಲಿ
ಇಂದುಧರ ನುಂಗಿ ಆಗಿತ್ತು.
"ಇನ್ನೊಮ್ಮೆ ಹೇಳಪ್ಪಾ, ನಾ ತಿಂದದ್ದೇನು?"
ಮೇಜಿನಡಿ ಅವನ ಕಾಲು ತುಳಿದೆ.

ನಾಲ್ಕು. ಐದು. ಹೊಗೆಯಲ್ಲಿ ಬೆಂದ ಗಜ್ಜರಿ,
ಸಿಟ್ಟಿಳಿದವರ ಹಾಗೆ ಮೆತ್ತಗೆ.
ನಡುನಡುವೆ ಕಾಯುವುದೂ ಒಂದು ತಿನಿಸೇ.
ಹಸಿವೂ ಅಲ್ಲ, ತೃಪ್ತಿಯೂ ಅಲ್ಲ, ಅಂಥ ಹೊತ್ತಿನಲ್ಲಿ
ಇಪ್ಪತ್ತು ವರ್ಷ ಹೇಳದ್ದನ್ನು ಹೇಳಿದ:
ರಾತ್ರಿಪಾಳಿಯ ಬಸ್ಸು ಕೊನೆಯ ನಿಲ್ದಾಣ ಮುಟ್ಟಿದ ಮೇಲೆ
ಎಂಜಿನ್ ಆರಿಸಿ, ದೀಪ ಆರಿಸಿ,
ಖಾಲಿ ಸೀಟುಗಳಿಗೆ ಹಾಡುತ್ತೇನೆ, ಗಟ್ಟಿಯಾಗಿ.

ಯಾವ ಹಾಡು, ಎನ್ನುವಷ್ಟರಲ್ಲಿ
ಒಂಬತ್ತನೆಯದು ಬಂತು. ಜೇನು, ಉಪ್ಪು,
ಉಗುರಿನಷ್ಟು ಒಂದು ಎಲೆ.
ಹುಡುಗ ವಿವರಿಸುತ್ತಲೇ ಇದ್ದ; ನನಗೊಂದೂ ಕೇಳಿಸಲಿಲ್ಲ.
ಆಮೇಲಿನವು ಎಷ್ಟು ಬಂದವೋ.

ಬಿಲ್ಲೂ ಬಂತು,
ಅದನ್ನು ಮಾತ್ರ ಯಾರೂ ವಿವರಿಸಲಿಲ್ಲ.

ಸೇತುವೆ ದಾಟುವಾಗ ಕಾರಿನ ಗಾಜು ಏರಿಸಿ
ಹಾಡಿದ. ಶ್ರುತಿ ಎಲ್ಲೋ, ತಾಳ ಸ್ಟೀರಿಂಗಿನ ಮೇಲೆ.
ನನ್ನ ಹಲ್ಲಿನ ಸಂದಿಯಲ್ಲಿ
ಇನ್ನೂ ಆ ಎಲೆ.