ಹುಟ್ಟುಗೂದಲು

ಬೇಬಿ ಆಫ್ ಕೋಮಲ. ಗಂಡು. ಒಂದು ಕೇಜಿ ಒಂಬೈನೂರು.
ಆರು ದಿನ ನಮ್ಮಲ್ಲೇ ಇದ್ದು ಮನೆಗೆ ಹೋಗಿದ್ದ ಕೂಸು
ಒಂಬತ್ತಕ್ಕೆ ವಾಪಸು. ಮೊಲೆ ಕಚ್ಚದು, ಅಳದು,
ಮಳವಳ್ಳಿಯಿಂದ ಮಂಡ್ಯ ಮುಟ್ಟುವಷ್ಟರಲ್ಲಿ
ಅಂಗಾಲು ಒರಳುಕಲ್ಲಿನಷ್ಟು ತಣ್ಣಗೆ.

ಎದೆಯ ಮೇಲೆ ಬೆರಳೊತ್ತಿ ಬಿಟ್ಟೆ.
ಬಿಳಿಚಿದ ಮಚ್ಚೆಗೆ ಕೆಂಪು ಮರಳಬೇಕು.
ಒಂದು, ಎರಡು, ಮೂರು, ನಾಲ್ಕು.
ಐದು ಅನ್ನುವ ಮೊದಲು ಬಂತು. ತಡ.

ಕೈಯಲ್ಲಿ ನರ ಸಿಗಲಿಲ್ಲ, ಕಾಲಲ್ಲಿ ಸಿಕ್ಕಿದ್ದು ಒಡೆಯಿತು.
ಕಡೆಗೆ ಕಿವಿಯ ಮೇಲೆ ರೂಪಾಯಿ ಅಗಲ ಬೋಳಿಸಿದೆ.
ಅಲ್ಲಿತ್ತು, ದಾರದೆಳೆಯಂಥ ನೀಲಿ.
ಮೊದಲು ಒಂದು ಎಂಎಲ್ ರಕ್ತ ಕಲ್ಚರ್ ಸೀಸೆಗೆ,
ಆಮೇಲೆ ಆಂಪಿಸಿಲಿನ್, ಆಮೇಲೆ ಜೆಂಟಾ,
ಸಿರಿಂಜಿನ ಗೆರೆಗೆ ಕಣ್ಣು ಸಮ ಹಿಡಿದು.
ಹೆಚ್ಚಾದರೆ ಕಿವಿ ಹೋಗುತ್ತದೆ,
ಕಡಿಮೆಯಾದರೆ ಕೂಸೇ.

ಬಾಗಿಲಲ್ಲಿ ಅಜ್ಜಿ, ಚಿಕ್ಕತಾಯಮ್ಮ:
"ಕೂದ್ಲು ತೆಗ್ದುಬುಟ್ರಾ ಸಿಸ್ಟ್ರೇ?
ಹುಟ್ಟುಗೂದ್ಲು ಕಣವ್ವ, ಮಾದಪ್ಪನ ಮುಡಿ ಅದು."
ರೇಗಿದೆ. ಹೊಕ್ಕಳಿಗೆ ಬೂದಿ ಹಚ್ಚುವಾಗ
ಯಾವಪ್ಪನ್ನ ಕೇಳಿದ್ದೆ ಎಂದೆ.
ಹಚ್ಚಿಲ್ಲ ಅಂದಳು. ನಾನು ನಂಬಲಿಲ್ಲ.

ಮೂರನೇ ದಿನ ರಿಪೋರ್ಟು. ಕ್ಲೆಬ್ಸಿಯೆಲ್ಲಾ,
ಕೊಟ್ಟ ಎರಡಕ್ಕೂ ಜಗ್ಗದ್ದು.
ಡಾಕ್ಟರು ಮೆರೊಪೆನೆಮ್ ಬರೆದರು, ಬರೆದು
ನನ್ನನ್ನು ನೋಡದೆ ನಮ್ಮ ಸಿಂಕನ್ನು ನೋಡಿದರು.
ಇದಕ್ಕೆ ಒಣಬೂದಿಗಿಂತ ಒದ್ದೆ ಜಾಗ ಇಷ್ಟ.
ನಲ್ಲಿಯ ಗಂಟಲು,
ಅವಸರಕ್ಕೆ ತೊಳೆದ ಬೆರಳ ಸಂದಿ.
ಆರು ದಿನ ಯಾರ ಕೈಯಲ್ಲಿತ್ತು ಕೂಸು?

ಐದನೇ ಬೆಳಗಿನ ಜಾವ. ಕಿಟಕಿಯಲ್ಲಿ
ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ.
ಮೊದಲು ಚಡ್ಡಿ ಒದ್ದೆ. ಆಮೇಲೆ ಹಣೆ ಗಂಟು.
ಆಮೇಲೆ ಅಳು, ತಗಡಿಗೆ ಉಗುರು ಕೆರೆದ ಹಾಗೆ,
ಸಣ್ಣಗೆ, ಸಿಟ್ಟಿನಲ್ಲಿ.
ಎದೆ ಒತ್ತಿ ನೋಡಿದೆ. ಒಂದು, ಎರ...

ಹಳದಿ ಚೀಲಕ್ಕೆ ಹೋಗಬೇಕಿದ್ದ ಕೂದಲು
ಯಾಕೋ ಟ್ರೇ ಮೂಲೆಯಲ್ಲಿ, ಪ್ಲಾಸ್ಟರಿಗಂಟಿ ಉಳಿದಿತ್ತು.
ಗ್ಲೌಸಿನ ಕಾಗದದಲ್ಲಿ ಮಡಚಿ ಕೊಟ್ಟೆ.
ಮೂಸಿದಳು. "ಸ್ಪಿರಿಟ್ ವಾಸ್ನೆ.
ಬುಡು, ಮಾದಪ್ಪ ಒಪ್ಕತಾನೆ."
ಸೆರಗಿಗೆ ಗಂಟು ಹಾಕಿಕೊಂಡಳು.

ತಪ್ಪಾಯ್ತು ಅನ್ನಬೇಕಿತ್ತು.
ಬಾಯಿಗೆ ಬಂದದ್ದು ದಿನವೂ ಎಲ್ಲರಿಗೂ ಹೇಳುವ ಮಾತು:
ಕೂಸನ್ನು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳಿ ಅಜ್ಜಿ.

"ಆಯ್ತು ಕಣವ್ವ," ಅಂದಳು. "ನೀವೂವೆ."