ಬಿಳಿ ಹಿನ್ನೆಲೆ

ವಿರಾಜಪೇಟೆಯ ಗಡಿಯಾರ ಕಂಬದಿಂದ ಮೂರನೆಯ ಅಂಗಡಿ.
ಒಂಬತ್ತಕ್ಕೆ ಶಟರ್ ಎತ್ತುತ್ತೇನೆ, ಏಳಕ್ಕೆ ಇಳಿಸುತ್ತೇನೆ.
ನಡುವೆ ಇನ್ನೊಂದು ಶಟರ್
ಕಣ್ಣು ಮಿಟುಕಿಸುತ್ತದೆ, ದಿನಕ್ಕೆ ಮೂವತ್ತು ಸಲ.

ಕಿವಿ ಎರಡೂ ಕಾಣಲಿ. ಗದ್ದ ಸ್ವಲ್ಪ ಕೆಳಗೆ.
ನಗಬೇಡಿ, ನಗುವವರಿಗೆ ವೀಸಾ ಇಲ್ಲ.
ಹತ್ತೊಂಬತ್ತು ವರ್ಷ ಇದೇ ಮಂತ್ರ.
ಕುವೈತಿಗೆ ಹೊರಟ ನರ್ಸು ಏಲಿಯಮ್ಮ,
ಹಡಗಿನ ಅಡುಗೆಮನೆಗೆ ಹೊರಟ ಸಿದ್ದೀಕ್,
ಹಾಕಿ ಆಡಲು ಮಲೇಷ್ಯಾಕ್ಕೆ ಹೊರಟ
ಮೊಣಕಾಲಿಗೆ ಪಟ್ಟಿ ಕಟ್ಟಿದ ದೇಚಮ್ಮ,
ಎಲ್ಲರೂ ಈ ಸ್ಟೂಲಿನ ಮೇಲೆ ಕೂತೇ ಸಮುದ್ರ ದಾಟಿದರು.
ಸ್ಟೂಲಿನಿಂದ ಆರಡಿ ಈಚೆ ನಿಂತ ನಾನು
ಜಿಲ್ಲೆ ದಾಟಿದ್ದು ಎರಡು ಸಲ,
ಎರಡು ಸಲವೂ ಮಂಗಳೂರಿಗೆ, ಹಲ್ಲು ಕೀಳಿಸಲು.

ಲಿಗೋರಿ ಮಾಮ ಹೋಗುವ ಮುನ್ನ
ಅಂಗಡಿಯ ಬೀಗದ ಜೊತೆ ಕೊಟ್ಟದ್ದು
ರೀಲಿನ ಕ್ಯಾಮೆರಾ ಒಂದು,
ತೊಗಲಿನ ಚೀಲ, ಹಲ್ಲಿಯ ಮೊಟ್ಟೆ ಸಮೇತ.
ಒಳಗೆ ಅರ್ಧ ಸುತ್ತಿದ ರೀಲು. ತೊಳೆದೆ.
ಮಸಿ, ಮಸಿ, ಮಸಿ,
ಹದಿನೇಳನೆಯದರಲ್ಲಿ ಮಾತ್ರ ಒಂದು ಬೆಟ್ಟದ ಹೆಗಲು.
ಅದರ ಮೇಲೆ ಲುಂಗಿ ಎತ್ತಿ ಕಟ್ಟಿ
ಬಾಯ್ತುಂಬ ನಗುತ್ತಿರುವ ಲಿಗೋರಿ ಮಾಮ,
ಸ್ಟುಡಿಯೋದಲ್ಲಿ ಒಂದು ದಿನವೂ ನಗದ ಮನುಷ್ಯ.
ಬೆಟ್ಟ ಯಾವುದೆಂದು ಕೊಡಗಿನವಳು ಕೇಳಬೇಕಿಲ್ಲ.
ತೆಗೆದವರು ಯಾರು?
ಅದನ್ನು ಕೇಳಲು ಈಗ ಯಾರೂ ಉಳಿದಿಲ್ಲ.

ನಲವತ್ತಮೂರನೆಯ ವಯಸ್ಸಿನಲ್ಲಿ ಒಂದು ಸೋಮವಾರ
ಮೈಸೂರಿನಿಂದ ತರಿಸಿದ ಹೊಸ ರೀಲು ತುಂಬಿ
ಶಟರಿನ ಮೇಲೆ 'ಇಂದು ರಜೆ' ಅಂಟಿಸಿ
ಕಕ್ಕಬ್ಬೆಯ ಮೊದಲ ಬಸ್ಸು ಹತ್ತಿದೆ.
ಕೈಕಂಬದಲ್ಲಿ ಕಾದಿದ್ದಳು ಕುಡಿಯರ ಚೋಮಿ,
ಜೇನು ಇಳಿಸುವವರ ಮೊಮ್ಮಗಳು, ಕಾಲಿಗೆ ಹವಾಯಿ ಚಪ್ಪಲಿ.
ನನ್ನ ಹೊಸ ಬೂಟು ನೋಡಿ ಕರುಣೆಯಿಂದ ಕೇಳಿದಳು:
'ಅಕ್ಕಾ, ಇದನ್ನ ಹೊತ್ಕೊಂಡು ಬರ್ತೀರಾ, ಹಾಕ್ಕೊಂಡಾ?'

ನಾಲ್ಕುನಾಡು ಅರಮನೆಯವರೆಗೆ ಮಾತಾಡಿದೆ.
ಆಮೇಲೆ ಉಸಿರಿಗೆ ಬೇರೆ ಕೆಲಸ ಸಿಕ್ಕಿತು.
ಶೋಲಾ ಕಾಡಿನಲ್ಲಿ ಬೆಳಕು
ಚಿಲ್ಲರೆ ಕಾಸಿನ ಹಾಗೆ ಚೆಲ್ಲಿತ್ತು,
ಬಗ್ಗಿ ಹೆಕ್ಕಬೇಕು, ಬಗ್ಗಿದರೆ ಜಿಗಣೆ.
ಸುಣ್ಣದ ಡಬ್ಬಿ ತೆರೆದು ಚೋಮಿ
ನನ್ನ ಕಣಕಾಲಿನಿಂದ ಒಂದೊಂದೇ ಬಿಡಿಸಿದಳು,
ಮದುಮಕ್ಕಳ ಮುಖದಿಂದ ನಾನು ಮೊಡವೆ ಅಳಿಸುವ ಹಾಗೆ.

ಕೊನೆಯ ಏರು. ಕಾಲು ನನ್ನವಲ್ಲ.
ಹುಲ್ಲು ಹಿಡಿದು, ಬಂಡೆ ತಬ್ಬಿ, ಅಂಬೆಗಾಲಲ್ಲಿ.
ಒಮ್ಮೆ ಜಾರಿದೆ.
ಕೆಳಗೆ ಕಣಿವೆ ಬಾಯಿ ತೆರೆದುಕೊಂಡೇ ಇತ್ತು.
ಕೈ ಮೊದಲು ಹೋದದ್ದು ಬಂಡೆಗಲ್ಲ,
ಕ್ಯಾಮೆರಾಕ್ಕೆ.
ಗೊತ್ತಾಯಿತು ಆಗ.
ಏನು ಎಂದು ಕೇಳಬೇಡಿ,
ಗೊತ್ತಾಯಿತು.

ತುದಿಯಲ್ಲಿ ಏನೂ ಇರಲಿಲ್ಲ.
ಕೇರಳದ ಕಡೆ ಮಂಜು, ಕೊಡಗಿನ ಕಡೆ ಮಂಜು,
ನನ್ನ ಮೊಣಕೈಯ ಆಚೆ ಮಂಜು.
ಎರಡು ಮಾರು ದೂರದಲ್ಲಿ ಚೋಮಿ
ಬರೀ ಒಂದು ಕೆಮ್ಮಾಗಿ ಉಳಿದಿದ್ದಳು.
ಕಾದೆ. ಬುತ್ತಿಯ ಅಕ್ಕಿರೊಟ್ಟಿ ತಣಿದು ತೊಗಲಾಯಿತು.
ಮೀಟರಿನ ಮುಳ್ಳು ಮಾತ್ರ ಅಲುಗುತ್ತಿತ್ತು,
ಆ ಬಿಳಿಯೊಳಗೆ ಬೇರೆ ಬೇರೆ ಬಿಳಿಗಳಿದ್ದವು:
ಹಾಲು ಒಡೆದ ಬಿಳಿ, ಶಂಖದ ಬಿಳಿ,
ತೊಳೆದ ಅಕ್ಕಿಯ ನೀರಿನ ಬಿಳಿ.
ಮೂವತ್ತೈದು ಸಲ ಒತ್ತಿದೆ.
'ಏನಿದೆ ಅಂತ ತೆಗೀತೀರಾ ಅಕ್ಕಾ?'
ಮೂವತ್ತಾರನೆಯದಕ್ಕೆ ಕ್ಯಾಮೆರಾ ಅವಳ ಕೈಗಿಟ್ಟು
ಮಂಜಿಗೆ ಬೆನ್ನು ಕೊಟ್ಟು ನಿಂತೆ.
ನಗಬೇಡಿ ಎನ್ನುವವರು
ಅಲ್ಲಿ ಯಾರೂ ಇರಲಿಲ್ಲ.

ಮೂವತ್ತೈದರಲ್ಲಿ ಒಂದನ್ನು
ನಾಲ್ಕಡಿಗೆ ಆರಡಿ ಹಿಗ್ಗಿಸಿ
ಸ್ಟೂಲಿನ ಹಿಂದೆ ಕಟ್ಟಿದ್ದೇನೆ, ಹಳೆ ಬಿಳಿ ಬಟ್ಟೆಯ ಜಾಗದಲ್ಲಿ.
ಯಾರಿಗೂ ಹೇಳಿಲ್ಲ.
ಈಗ ಇಲ್ಲಿಂದ ಹೊರಟವರೆಲ್ಲ ತಮಗೇ ತಿಳಿಯದೆ
ಕಿವಿಯ ಹಿಂದೆ ಒಂದು ಹಿಡಿ ತಡಿಯಂಡಮೋಳ್ ಒಯ್ಯುತ್ತಾರೆ,
ಯಾವುದೋ ಮರಳುನಾಡಿನ ಅಧಿಕಾರಿ
ಅದರ ಮೇಲೆ ಠಸ್ಸೆ ಒತ್ತುತ್ತಾನೆ.
ಒಂದೇ ಒಂದು ವಾಪಸು ಬಂತು ಮೊನ್ನೆ:
'ಹಿನ್ನೆಲೆಯಲ್ಲಿ ಏನೋ ಅಲುಗಿದೆ.'
ಮತ್ತೆ ತೆಗೆದುಕೊಟ್ಟೆ, ಕಾಸು ಕೇಳಲಿಲ್ಲ.

ಬರುವ ಸೋಮವಾರ ಬ್ರಹ್ಮಗಿರಿ.
ಚೋಮಿಯ ಫೋನು ಹತ್ತುತ್ತಿಲ್ಲ,
ಅವಳೇ ಎಲ್ಲೋ ಹತ್ತುತ್ತಿರಬೇಕು.
ಬೂಟು ಮಾರಿಬಿಟ್ಟೆ.