ಹೆಗಲಿಗೆ ತಲುಪದ ಕಾಗದ

ಅಂಗಿ ಕಳಚಿ ನಿಲ್ಲಿ ಪ್ರೆಬೆನ್, ಅಂದಳು ಟಿಲ್ಡೆ.
ಕಿಟಕಿಗೆ ಮುಖ ಮಾಡಿ ನಿಂತೆ.
ಹೊರಗೆ ಲೆಮ್ವಿಯ ಬಂದರು,
ಕಟ್ಟಿಹಾಕಿದ ಮೂರು ದೋಣಿ,
ಮಾರ್ಚಿಯ ಗಾಳಿಗೆ ಪಟಸ್ತಂಭಗಳಲ್ಲಿ ಹಗ್ಗದ ಕೊಂಡಿ
ಟಿಣ್ ಟಿಣ್ ಅನ್ನುತ್ತಿತ್ತು.

ನನ್ನ ಬೆನ್ನನ್ನು ನಾನು ಕಂಡವನಲ್ಲ.
ಅರವತ್ತಾರು ವರ್ಷ ಹಿಂದೆಯೇ ಬಂತು
ಮಾತು ಬಿಟ್ಟ ತಮ್ಮನ ಹಾಗೆ.
ಜನ ಬೆನ್ನ ಹಿಂದೆ ಮಾತಾಡುವುದು ಗೊತ್ತು.
ಇವಳು ಬೆನ್ನ ಜೊತೆಗೇ ಮಾತಾಡುತ್ತಾಳೆ,
ಎರಡು ಹೆಬ್ಬೆರಳಲ್ಲಿ,
ಕತ್ತಿನಿಂದ ಸೊಂಟದವರೆಗೆ
ಒಂದೊಂದೇ ಮನೆಯ ಬಾಗಿಲು ತಟ್ಟುತ್ತ,
ನಾನು ವೆಸ್ಟರ್ಗೇಡಿನಲ್ಲಿ ತಟ್ಟುತ್ತಿದ್ದ ಹಾಗೆಯೇ.
ಹನ್ನೊಂದನೇ ಮನೆಯಲ್ಲಿ
ಯಾರೂ ಬಾಗಿಲು ತೆಗೆಯಲಿಲ್ಲ.

ಎಡ ಹೆಗಲು ಎರಡು ಬೆರಳು ಮೇಲಿದೆ. ಏನು ಹೊರುತ್ತೀರಿ?
ಏನೂ ಇಲ್ಲ.
ಮೊದಲು?
ಗೊತ್ತಿಲ್ಲವೇ ನಿನಗೆ? ಅಂಚೆ ಚೀಲ.
ಮೂವತ್ತೊಂದು ವರ್ಷ, ಪಟ್ಟಿ ಜಾರದಿರಲಿ ಅಂತ
ಹೆಗಲು ಎತ್ತಿಕೊಂಡೇ ನಡೆದದ್ದು.
ಕೊನೆಕೊನೆಗೆ ಚೀಲದಲ್ಲಿ ಇರುತ್ತಿದ್ದದ್ದಾದರೂ ಏನು,
ಪಿಂಚಣಿಯ ಒಂದು ನೋಟೀಸು, ಹೂಗಿಡದ ಕ್ಯಾಟಲಾಗು.
ಚೀಲ ಬಿಟ್ಟೇ ಏಳು ವರ್ಷ.

ಹಾಗಾದರೆ, ಅಂತ ನಕ್ಕಳು,
ಚೀಲ ಇಳಿದ ಸುದ್ದಿಯ ಕಾಗದ
ನಿಮ್ಮ ಹೆಗಲಿಗೆ ಇನ್ನೂ ತಲುಪಿಲ್ಲ.

ಅಂಚೆಯವನ ಹೆಗಲಿಗೇ!

ಬೋರಲು ಮಲಗಿಸಿದಳು.
ಮೇಜಿನ ತೂತಿನಲ್ಲಿ ಮುಖ ಇಟ್ಟರೆ ಕಾಣುವುದು
ನೆಲ, ಮತ್ತೆ ಅವಳ ಹಳದಿ ಕ್ಲಾಗು.
ಉಸಿರು ಬಿಡಿ. ಇನ್ನೂ ಬಿಡಿ.
ಬಿಟ್ಟೆ. ಲಟಕ್ ಅಂತು,
ಬೆನ್ನಿಗೇ ನೆಟಿಗೆ ತೆಗೆದ ಹಾಗೆ.

ಎಲುಬೇ ಹೋಯಿತು ಅಂದುಕೊಂಡೆ.
ಎಲುಬಲ್ಲ, ಕೀಲಿನೊಳಗಿನ ಗಾಳಿಯ ಗುಳ್ಳೆ, ಅಂದಳು,
ಸದ್ದು ದೊಡ್ಡದು, ಸಂಗತಿ ಸಣ್ಣದು.
ಇದು ಮಂತ್ರ ಅಲ್ಲ ಪ್ರೆಬೆನ್.
ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ
ನನ್ನ ಹತ್ತಿರ ಬರಬೇಡಿ,
ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.

ತನ್ನ ಕೈಯಿಂದ ಆಗದ್ದನ್ನು ಹೇಳುವ ಕೈ
ಬೆನ್ನ ಮೇಲೆ ಬೆಚ್ಚಗಿರುತ್ತದೆ.

ಹಳದಿ ಕ್ಲಾಗನ್ನೇ ನೋಡುತ್ತಿದ್ದೆ.
ಗುಡುಮಿನ ತಿರುವು, ಬಿಳಿ ಗೇಟು,
ಬರಿಗಾಲಲ್ಲಿ ಕಾಯುತ್ತಿದ್ದ ಹತ್ತೊಂಬತ್ತರ ಹುಡುಗಿ.
ಓಡೆನ್ಸೆಯ ವಿಶ್ವವಿದ್ಯಾಲಯದಿಂದ ಲಕೋಟೆ,
ಮೊದಲ ವರ್ಷ ತೆಳ್ಳಗಿತ್ತು.
ಅಂಚೆಯವನಿಗೆ ತೂಕವೇ ಓದು.
ಅದನ್ನು ಕೈಯಲ್ಲೇ ಹಿಡಿದು
ಗಾಳಿ ಮಳೆಯ ಮಾತಾಡಿದೆ, ಬೇಲಿಗೆ ಒರಗಿ.
ಮರುವರ್ಷ ದಪ್ಪ ಲಕೋಟೆ;
ತಿರುವಿನಿಂದಲೇ ಸೈಕಲ್ಲಿನ ಗಂಟೆ ಬಾರಿಸುತ್ತ ಬಂದಿದ್ದೆ.

ಹೇಳಲೋ ಬೇಡವೋ ಅಂದುಕೊಳ್ಳುವಷ್ಟರಲ್ಲಿ
ಮೇಲಿನಿಂದ ಅವಳೇ ಅಂದಳು:
ಆ ವರ್ಷ ನೀವು ಹತ್ತು ನಿಮಿಷ ಹವೆಯ ಬಗ್ಗೆ ಮಾತಾಡಿದಿರಿ.
ಆಗಲೇ ಗೊತ್ತಾಯಿತು ನನಗೆ.
ಲಕೋಟೆ ಒಡೆದದ್ದು ರಾತ್ರಿ.

ಇಬ್ಬರೂ ಸುಮ್ಮನಾದೆವು. ಹಗ್ಗದ ಕೊಂಡಿ ಟಿಣ್ ಅಂತು.

ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ.
ಟೀವಿ ಮುಂದೆ ಗಂಟೆಗೊಮ್ಮೆ ನಿಲ್ಲಿ.
ಹಾಲಿಗೆ ಕಾರು ಬೇಡ, ನಡೆಯಿರಿ,
ಒಂದು ದಿನ ಬಲಗೈ, ಒಂದು ದಿನ ಎಡ.
ಇಷ್ಟಕ್ಕೆ ದುಡ್ಡು ಕೊಡಬೇಕೇ? ಅಂದೆ.
ಮೇಜಿಗೆ ದುಡ್ಡು, ಅಂದಳು, ಮಾತು ಅಂಚೆ ಬಾಬ್ತು.

ನಡೆದೇ ಬಂದೆ. ಬಲಗೈಯಲ್ಲಿ ಹಾಲು.
ಬೇಕರಿಯ ಗಾಜಿನಲ್ಲಿ ಒಬ್ಬ ಮುದುಕ,
ಎಡ ಹೆಗಲನ್ನು ಕಿವಿಯ ಹತ್ತಿರ ಇಟ್ಟುಕೊಂಡು
ಏನೂ ಇಲ್ಲದ್ದನ್ನು ಹೊತ್ತು ನಿಂತಿದ್ದ.

ಹಿಂದೆ ಕಣ್ಣು ಕಾಣದ ಕಾರೆನ್-ಮಾರ್ಗ್ರೆಥೆಗೆ
ನಾನೇ ಕಾಗದ ಓದಿ ಹೇಳಬೇಕಿತ್ತು.
ಒಂದೇ ಸಲ ಓದಿದ್ದನ್ನು ಅವಳು ನಂಬಿದವಳಲ್ಲ.
ಹಾಗೆ, ಗಾಜಿನ ಮುಂದೆ, ಮೆಲ್ಲಗೆ ಓದಿದೆ:
ಚೀಲ ಇಳಿಸಿ ಆಯಿತು. ಏಳು ವರ್ಷವಾಯಿತು.

ಅರ್ಧ ಬೆರಳು ಇಳಿಯಿತೇನೋ.
ಒಳಗಿನ ಹುಡುಗಿ ಬ್ರೆಡ್ಡು ಬೇಕೇ ಅಂತ ಸನ್ನೆ ಮಾಡಿದಳು.

ನಾಳೆ ಎಡಗೈ.
ನಾಳೆ ಇನ್ನೊಂದು ಸಲ ಓದಬೇಕು.